ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಾತಿನ ಇಂಗ್ಲಿಷ್: ಕಲಿಸುವವರಿಗೆ ಒಂದು ಕೈಪಿಡಿ

ನಿಮ್ಮ ಮುಂದೆ ಕಲಿಯಲು ಬಂದು ಕೂತವರಿಗೆ ಇಂಗ್ಲಿಷ್ ಹೊಸದಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಅದಕ್ಕೆ ಮುಂಚೆ ಓದಿದವರೂ ಹೈಸ್ಕೂಲು ಮುಗಿಸುವಷ್ಟರಲ್ಲಿ ಆರೇಳು ವರ್ಷ ಓದಿರುತ್ತಾರೆ. ರೀಚಾರ್ಜ್, ಬ್ಯಾಲೆನ್ಸ್, ಡೆಲಿವರಿ, ಡಿಸ್ಚಾರ್ಜ್, ಅಡ್ವಾನ್ಸ್, ಶುಗರ್, ಲೋನ್, ಬುಕಿಂಗ್: ಇಂಥ ನೂರಾರು ಪದಗಳನ್ನು ದಿನವೂ ಬಳಸುತ್ತಾರೆ. ಅವರಲ್ಲಿ ಇಲ್ಲದಿರುವುದು ಎರಡೇ. ಆ ಪದಗಳನ್ನು ಒಂದೇ ಉಸಿರಿನಲ್ಲಿ ಜೋಡಿಸಿ ಹೇಳುವ ಅಭ್ಯಾಸ ಇಲ್ಲ, ಎದುರಿನವರನ್ನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಧೈರ್ಯ ಇಲ್ಲ. ಹಾಗಾಗಿ ಮೊದಲ ದಿನವೇ ಬೋರ್ಡಿನ ಮೇಲೆ ಹನ್ನೆರಡು ಟೆನ್ಸ್ ಬರೆದರೆ ಅವರಿಗೆ ಶಾಲೆಯ ಭಯವೇ ಮರಳಿ ಬರುತ್ತದೆ, ಮಾತು ಬರುವುದಿಲ್ಲ.

ಈ ಕೈಪಿಡಿ ಬರೆದಿರುವುದು ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಸಿಬ್ಬಂದಿಗೆ, ಮನೆಯಲ್ಲಿರುವ ತಾಯಂದಿರಿಗೆ, ಅಂಗಡಿಯ ಕೌಂಟರಿನಲ್ಲಿ ನಿಲ್ಲುವವರಿಗೆ, ನರ್ಸಿಂಗ್ ಅಥವಾ ಐಟಿಐ ಮುಗಿಸಿ ಊರು ಬಿಟ್ಟು ಬಂದ ಹುಡುಗ ಹುಡುಗಿಯರಿಗೆ ಕಲಿಸಲು ಹೊರಟವರಿಗಾಗಿ. ನಿಮಗೆ ಕನ್ನಡ ಬರುತ್ತದೆ ಎನ್ನುವುದೇ ನಿಮ್ಮ ದೊಡ್ಡ ಬಲ. ಕಲಿಯುವವರು ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಎನ್ನುವುದನ್ನು ಕನ್ನಡ ಬಲ್ಲವರು ಮುಂಚೆಯೇ ಊಹಿಸಬಹುದು.

ಮೊದಲ ದಿನ

ಮೊದಲ ದಿನ ಕನ್ನಡದಲ್ಲೇ ಮಾತಾಡಿ. "ಹೋದ ವಾರ ಎಲ್ಲೆಲ್ಲಿ ಇಂಗ್ಲಿಷ್ ಬೇಕಾಯ್ತು? ಯಾರ ಹತ್ತಿರ? ಆಗ ಏನು ಮಾಡಿದ್ರಿ?" ಎಂದು ಕೇಳಿ. "ಎಲ್ಲಾ ಕಡೆ ಬೇಕು" ಎಂದರೆ ಅಷ್ಟಕ್ಕೇ ಬಿಡಬೇಡಿ, ಜಾಗ ಮತ್ತು ಎದುರಿನ ವ್ಯಕ್ತಿ ಸ್ಪಷ್ಟವಾಗುವವರೆಗೆ ಕೇಳಿ. ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗ್, ಕನ್ನಡ ಬಾರದ ಡಾಕ್ಟರ್, ಗೇಟಿನಲ್ಲಿ ಬರುವ ಕೊರಿಯರ್ ಹುಡುಗ, ಕಸ್ಟಮರ್ ಕೇರ್ ಫೋನು, ಇಂಥ ಐದು ಸಂದರ್ಭ ಬರೆದುಕೊಂಡು, ಅದರಲ್ಲಿ ಮೂರನ್ನು ಅವರಿಂದಲೇ ಆರಿಸಿ. ಮುಂದಿನ ಎಂಟು ವಾರ ಆ ಮೂರೇ ಪಾಠ. ಸಂದರ್ಭ ಅವರ ಬದುಕಿನದೇ ಆಗಿದ್ದರೆ ಕಲಿತದ್ದನ್ನು ಅದೇ ವಾರ ಬಳಸುತ್ತಾರೆ, ಬಳಸಿದ್ದು ಉಳಿಯುತ್ತದೆ. "ಅಟ್ ದ ಏರ್‌ಪೋರ್ಟ್" ಎನ್ನುವ ಸಿದ್ಧಪಾಠವನ್ನು ವಿಮಾನ ಹತ್ತದವರಿಗೆ ಕಲಿಸಿದರೆ ಬಾಗಿಲು ದಾಟುವ ಮೊದಲೇ ಮರೆತುಹೋಗುತ್ತದೆ.

ಆಮೇಲೆ ಐದು ನಿಮಿಷದ ಒಂದು ಸಣ್ಣ ಪರೀಕ್ಷೆ. ಪರೀಕ್ಷೆ ಎಂದು ಮಾತ್ರ ಹೇಳಬೇಡಿ. ಇಂಗ್ಲಿಷಿನಲ್ಲಿ ಹೆಸರು ಕೇಳಿ, ಮನೆ ಎಲ್ಲಿ ಎಂದು ಕೇಳಿ, ನಿನ್ನೆ ಏನು ಮಾಡಿದರು, ಭಾನುವಾರ ಏನು ಮಾಡುತ್ತಾರೆ ಎಂದು ಕೇಳಿ, ಇಲ್ಲಿಂದ ಬಸ್ ಸ್ಟಾಪಿಗೆ ದಾರಿ ಹೇಳಲು ಹೇಳಿ. ಕೊನೆಗೆ "ಈಗ ನನ್ನನ್ನು ಎರಡು ಪ್ರಶ್ನೆ ಕೇಳಿ" ಎನ್ನಿ. ಹೆಚ್ಚು ತಿಳಿಯುವುದು ಈ ಕೊನೆಯದರಿಂದಲೇ. ಉತ್ತರ ಕೊಡಬಲ್ಲವರಲ್ಲಿ ಅನೇಕರಿಗೆ ಒಂದು ಪ್ರಶ್ನೆಯನ್ನೂ ಕಟ್ಟಲು ಬರುವುದಿಲ್ಲ. ಒಪ್ಪಿದರೆ ಇದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಆ ದಿನ ಒಂದು ತಪ್ಪನ್ನೂ ತಿದ್ದಬೇಡಿ.

ವಾರಕ್ಕೆ ಒಂದು ಗಂಟೆಯ ಮೂರು ಪಾಠ ಇರಲಿ. ಭಾನುವಾರ ಒಂದೇ ಸಲ ಮೂರು ಗಂಟೆ ಕೂರಿಸುವುದು ಕಲಿಸುವವರಿಗೆ ಅನುಕೂಲ, ಕಲಿಯುವವರಿಗೆ ನಷ್ಟ. ಹೊಸದಾಗಿ ಕಲಿತದ್ದು ಅತಿ ಹೆಚ್ಚು ಮರೆತುಹೋಗುವುದು ಮೊದಲ ಒಂದೆರಡು ದಿನಗಳಲ್ಲಿ ಎಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದಾರೆ. ಗುಂಪಿನಲ್ಲಿ ನಾಲ್ವರಿಗಿಂತ ಹೆಚ್ಚು ಬೇಡ. ಐದನೆಯವರು ಬಂದರೆ ಒಬ್ಬೊಬ್ಬರ ಮಾತಿನ ಸಮಯ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಜಾಗದ ಬಗ್ಗೆಯೂ ಯೋಚಿಸಿ. ಅತ್ತೆ, ಮಾವ, ಮಕ್ಕಳು ಓಡಾಡುವ ಹಾಲಿನಲ್ಲಿ ಗೃಹಿಣಿಯರು ಬಾಯಿ ಬಿಡುವುದಿಲ್ಲ. "ಇವಳೂ ಟುಸ್‌ಪುಸ್ ಅಂತ ಶುರು ಮಾಡಿದ್ಳು" ಎಂದು ಯಾರಾದರೂ ನಕ್ಕರೆ ಎರಡು ವಾರದ ಕೆಲಸ ಹಾಳು.

ಮಾತು ಮುರಿದು ಬೀಳದಂತೆ ಹಿಡಿಯುವ ಐದು ವಾಕ್ಯ

ನಮಸ್ಕಾರ, ಪರಿಚಯ ಇವೆಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಅರ್ಥವಾಗದಿದ್ದಾಗ ಹೇಳುವ ಮಾತು. ಇದು ಗೊತ್ತಿಲ್ಲದವರು ಏನು ಕೇಳಿದರೂ "ಎಸ್ ಎಸ್, ಓಕೆ ಓಕೆ" ಎಂದು ತಲೆಯಾಡಿಸುತ್ತಾರೆ. ಆಸ್ಪತ್ರೆಯಲ್ಲಿ ಹಾಗೆ ತಲೆಯಾಡಿಸಿದರೆ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎನ್ನುವುದೇ ತಪ್ಪಿಹೋಗುತ್ತದೆ.

"ಸಾರಿ, ಕುಡ್ ಯು ಸೇ ದಟ್ ಅಗೇನ್?"
"ಕುಡ್ ಯು ಸ್ಪೀಕ್ ಸ್ಲೋಲಿ, ಪ್ಲೀಸ್?"
"ವಾಟ್ ಡಸ್ ಇಟ್ ಮೀನ್?"
"ಒನ್ ಮಿನಿಟ್, ಲೆಟ್ ಮಿ ಥಿಂಕ್."
"ಸೋ, ಟೂ ಟ್ಯಾಬ್ಲೆಟ್ಸ್ ಆಫ್ಟರ್ ಫುಡ್, ರೈಟ್?"

ಕೊನೆಯದು ಬರೀ ಒಂದು ಮಾದರಿ. ಕೇಳಿದ್ದನ್ನೇ ಮತ್ತೆ ಹೇಳಿ ಕೊನೆಗೆ "ರೈಟ್?" ಸೇರಿಸುವುದು ಅದರ ಗುಟ್ಟು. ಐದರಲ್ಲಿ ಇದೇ ಹೆಚ್ಚು ಬೆಲೆಯದು. ಎದುರಿನವರು ತಪ್ಪಿದ್ದರೆ ತಿದ್ದುತ್ತಾರೆ, ಸರಿ ಇದ್ದರೆ "ಎಸ್" ಎನ್ನುತ್ತಾರೆ. ಎರಡರಲ್ಲೂ ಕೆಲಸ ಆಗುತ್ತದೆ. ಮೊದಲ ಎರಡು ವಾರ ಪಾಠದ ನಡುನಡುವೆ ಬೇಕೆಂದೇ ವೇಗವಾಗಿ ಅಥವಾ ಗೊಣಗಿದಂತೆ ಮಾತಾಡಿ. ಈ ವಾಕ್ಯಗಳಲ್ಲಿ ಒಂದನ್ನು ಅವರು ಬಳಸುವವರೆಗೆ ಮುಂದೆ ಹೋಗಬೇಡಿ.

ಒಂದು ವಾಕ್ಯವನ್ನು ಕಲಿಸುವ ಕ್ರಮ

ಒಂದು ಪಾಠದಲ್ಲಿ ಹೊಸದಾಗಿ ಆರು ವಾಕ್ಯ, ಹೆಚ್ಚೆಂದರೆ ಎಂಟು. ಇಪ್ಪತ್ತು ಕೊಟ್ಟರೆ ಬರೆದುಕೊಳ್ಳುತ್ತಾರೆ, ಖುಷಿಯಾಗುತ್ತಾರೆ, ಮುಂದಿನ ಪಾಠಕ್ಕೆ ಎರಡನ್ನು ಹೊತ್ತು ಬರುತ್ತಾರೆ.

ಮೊದಲು ಸಂದರ್ಭವನ್ನು ಕನ್ನಡದಲ್ಲಿ ಹೇಳಿ: "ಮೆಡಿಕಲ್ ಶಾಪಲ್ಲಿ ಇದೀರಿ, ಈ ಮಾತ್ರೆ ಇಲ್ಲ ಅಂದ್ರು, ಇದೇ ಥರದ್ದು ಬೇರೆ ಕಂಪನಿದು ಇದೆಯಾ ಅಂತ ಕೇಳಬೇಕು. ಹೆಂಗೆ ಕೇಳ್ತೀರಿ?" ಅವರು ತಮಗೆ ಬಂದಂತೆ ಹೇಳಲಿ. "ಸೇಮ್ ಟ್ಯಾಬ್ಲೆಟ್ ಅದರ್ ಕಂಪನಿ?" ಎಂದರೂ ಸಾಕು. ಆಮೇಲೆ ನಿಮ್ಮ ವಾಕ್ಯ ಕೊಡಿ: "ಡು ಯು ಹ್ಯಾವ್ ದ ಸೇಮ್ ಟ್ಯಾಬ್ಲೆಟ್ ಫ್ರಮ್ ಅನದರ್ ಕಂಪನಿ?" ಮೂರು ಸಲ ಸಹಜ ವೇಗದಲ್ಲೇ ಹೇಳಿ. ಅವರು ಆಗ ಬರೀ ಕೇಳಲಿ, ಬರೆದುಕೊಳ್ಳುವುದು ಬೇಡ. ನಂತರ ಹಿಂದಿನಿಂದ ಕಟ್ಟಿ: "ಅನದರ್ ಕಂಪನಿ", "ಫ್ರಮ್ ಅನದರ್ ಕಂಪನಿ", "ದ ಸೇಮ್ ಟ್ಯಾಬ್ಲೆಟ್ ಫ್ರಮ್ ಅನದರ್ ಕಂಪನಿ", ಕೊನೆಗೆ ಪೂರ್ತಿ. ಉದ್ದ ವಾಕ್ಯದಲ್ಲಿ ಉಸಿರು ಕಟ್ಟುವುದು ಕೊನೆಯ ಭಾಗದಲ್ಲಿ. ಹಿಂದಿನಿಂದ ಕಟ್ಟಿದರೆ ಕೊನೆಯ ಭಾಗವೇ ಹೆಚ್ಚು ಸಲ ಬಾಯಿಗೆ ಬಂದಿರುತ್ತದೆ.

ಆಮೇಲೆ ಪದ ಬದಲಿಸಿ. "ಡು ಯು ಹ್ಯಾವ್" ಹಾಗೇ ಇರಲಿ, ನೀವು ಬರೀ ಒಂದೊಂದು ಪದ ಎಸೆಯಿರಿ: ಸ್ಮಾಲರ್ ಸೈಜ್, ಚೇಂಜ್, ಬಿಲ್ ಬುಕ್, ಬ್ಲೂ ಕಲರ್. ಅವರು ಪೂರ್ತಿ ವಾಕ್ಯ ಹೇಳಬೇಕು. ಎಂಟು ಪದ, ಒಂದು ನಿಮಿಷ. ಇಂಥ ಅಚ್ಚುಗಳು ಮೊದಲ ತಿಂಗಳಿಗೆ ಏಳೆಂಟು ಸಾಕು: "ಕ್ಯಾನ್ ಐ ಹ್ಯಾವ್", "ಕುಡ್ ಯು", "ಐ ನೀಡ್ ಟು", "ಐ ಆ್ಯಮ್ ಲುಕಿಂಗ್ ಫಾರ್", "ಡು ಯು ಹ್ಯಾವ್", "ಹೌ ಮಚ್ ಈಸ್", "ವಾಟ್ ಟೈಮ್ ಡಸ್", "ಈಸ್ ದೇರ್". ಕಡೆಗೆ ಬರೆದುಕೊಳ್ಳಲಿ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬರೆದುಕೊಳ್ಳಲಿ. ಇಂಗ್ಲಿಷ್ ಅಕ್ಷರ ಓದಲು ತಡವರಿಸುವವರಿಗೆ ಅದೊಂದೇ ದಾರಿ. ಆದರೆ ಕಿವಿಗೆ ಬಿದ್ದಂತೆ ಬರೆಯಬೇಕು, ಒತ್ತಿ ಹೇಳುವ ಭಾಗದ ಕೆಳಗೆ ಗೆರೆ ಎಳೆಯಬೇಕು. ಮತ್ತು ಆ ಚೀಟಿ ನೋಡಿಕೊಂಡು ಮಾತಾಡುವುದು ಮೂರನೇ ಸಲಕ್ಕೆ ನಿಲ್ಲಬೇಕು.

ಕನ್ನಡ ಎಳೆಯುವ ಕಡೆ

ಕಲಿಯುವವರ ತಪ್ಪುಗಳು ಅಡ್ಡಾದಿಡ್ಡಿಯಲ್ಲ. ಬಹುಪಾಲು ಕನ್ನಡದ ನಿಯಮವನ್ನೇ ನಿಷ್ಠೆಯಿಂದ ಇಂಗ್ಲಿಷಿಗೆ ಒಯ್ದಿರುತ್ತವೆ. ಇದನ್ನು ಅವರಿಗೂ ಹೇಳಿ, ಅರ್ಧ ನಾಚಿಕೆ ಅಲ್ಲೇ ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ತಿದ್ದಬೇಕಾದದ್ದು ವಿನಯ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇದೆ: ಕೊಡಿ, ಹೇಳಿ, ತೋರಿಸಿ. ಇಂಗ್ಲಿಷಿನಲ್ಲಿ ಆ ಬಾಲ ಇಲ್ಲ. ಹಾಗಾಗಿ ತುಂಬಾ ಮರ್ಯಾದೆಯ ಮನುಷ್ಯರೂ "ಗಿವ್", "ಟೆಲ್", "ಶೋ" ಎನ್ನುತ್ತಾರೆ, ಕೇಳುವವರಿಗೆ ಅದು ಅಪ್ಪಣೆಯಂತೆ ಕೇಳುತ್ತದೆ. ಗೇಟಿನಲ್ಲಿ "ಯಾರು ಬೇಕು?" ಎನ್ನುವುದು "ಹೂ ಯು ವಾಂಟ್?" ಆಗಿ ಜಗಳಕ್ಕೇ ತಿರುಗಬಹುದು. ಬರೀ "ಪ್ಲೀಸ್" ಸೇರಿಸಿದರೆ ಅರ್ಧ ಸರಿಹೋಗುತ್ತದೆ ಅಷ್ಟೇ. "ಬೇರೆಯವರು ಮಾಡಬೇಕಾದ್ದಕ್ಕೆ ಕುಡ್ ಯು, ನನಗೆ ಬೇಕಾದ್ದಕ್ಕೆ ಕ್ಯಾನ್ ಐ" ಎಂದು ಹೇಳಿಕೊಟ್ಟು, ನೀವು ಕನ್ನಡದಲ್ಲಿ ಹತ್ತು ಕ್ರಿಯಾಪದ ಹೇಳಿ, ಅವರು ಇಂಗ್ಲಿಷಿನಲ್ಲಿ ತಿರುಗಿಸಲಿ. ತೋರಿಸಿ: "ಕುಡ್ ಯು ಶೋ ಮಿ?" ಇಲ್ಲಿ ಸೈನ್ ಮಾಡಿ: "ಕುಡ್ ಯು ಸೈನ್ ಹಿಯರ್, ಪ್ಲೀಸ್?" ಒಳಗೆ ಬರಲಾ: "ಕ್ಯಾನ್ ಐ ಕಮ್ ಇನ್?" ಗೇಟಿನವರಿಗೆ "ವಿಚ್ ಫ್ಲ್ಯಾಟ್, ಸರ್?" ಸಾಕು, ಉದ್ದ ಬೇಡ. ಫೋನಿನಲ್ಲಿ "ಹೇಳಿ ಸಾರ್" ಎನ್ನುವುದನ್ನು "ಟೆಲ್ ಸರ್" ಎನ್ನುವವರಿಗೆ "ಎಸ್ ಸರ್, ಹೌ ಕ್ಯಾನ್ ಐ ಹೆಲ್ಪ್ ಯು?" ಕೊಡಿ. ಹೊರಡುವಾಗ "ಬರ್ತೀನಿ" ಎನ್ನುವ ಅಭ್ಯಾಸದಲ್ಲಿ "ಐ ವಿಲ್ ಕಮ್" ಎಂದರೆ ಎದುರಿನವರು ಯಾವಾಗ ಎಂದು ಕಾಯುತ್ತಾರೆ. ಅಲ್ಲಿಗೆ "ಸೀ ಯು" ಅಥವಾ "ಐ ಆ್ಯಮ್ ಲೀವಿಂಗ್ ನೌ, ಸರ್" ಸರಿ.

ಎರಡನೆಯದು ಪ್ರಶ್ನೆ. ಕನ್ನಡದಲ್ಲಿ ಪದಗಳ ಜಾಗ ಬದಲಾಗುವುದಿಲ್ಲ, ಕೊನೆಗೆ ಒಂದು "ಆ" ಸೇರಿದರೆ ಪ್ರಶ್ನೆ ಆಗುತ್ತದೆ. ಅದಕ್ಕೇ "ವೇರ್ ಯು ಆರ್ ಗೋಯಿಂಗ್?", "ವಾಟ್ ಯುವರ್ ನೇಮ್ ಈಸ್?" ಬರುವುದು. ನಿಯಮ ವಿವರಿಸುವುದಕ್ಕಿಂತ ಮೊದಲ ಮೂರು ಪದಗಳನ್ನು ಒಂದೇ ಪದದಂತೆ ಬಾಯಿಪಾಠ ಮಾಡಿಸಿ: "ವೇರ್‌ಆರ್‌ಯು", "ವೆನ್‌ಡಸ್‌ದ", "ವಾಟ್‌ಡಿಡ್‌ಯು", "ಹೌಡುಐ". ಮುಂದೆ ಏನು ಬೇಕಾದರೂ ಸೇರಿಸಿಕೊಳ್ಳುತ್ತಾರೆ. "ಯು ಆರ್ ಕಮಿಂಗ್?" ಎಂದು ಸ್ವರ ಏರಿಸಿ ಕೇಳಿದರೆ ಬಿಟ್ಟುಬಿಡಿ, ಮಾತಿನಲ್ಲಿ ಅದು ನಡೆಯುತ್ತದೆ.

ಮೂರನೆಯದು "ಡಿಡ್ ಯು ವೆಂಟ್?", "ಐ ಡಿಡಂಟ್ ವೆಂಟ್". ಇದಕ್ಕೆ ಕನ್ನಡದಲ್ಲೇ ಮದ್ದಿದೆ. "ಹೋದೆ" ಎನ್ನುತ್ತೇವೆ, ಆದರೆ ಇಲ್ಲ ಎನ್ನುವಾಗ "ಹೋದೆಲಿಲ್ಲ" ಎನ್ನುವುದಿಲ್ಲ, "ಹೋಗಲಿಲ್ಲ" ಎನ್ನುತ್ತೇವೆ. "ಲಿಲ್ಲ" ಬಂದ ಕೂಡಲೇ ಕ್ರಿಯಾಪದ ತನ್ನ ಮೂಲರೂಪಕ್ಕೆ ಹೋಗುತ್ತದೆ. "ಡಿಡಂಟ್" ಬಂದಾಗ "ವೆಂಟ್" ಮರಳಿ "ಗೋ" ಆಗುವುದೂ ಹಾಗೆಯೇ. ಪ್ರಶ್ನೆಯ "ಡಿಡ್"ಗೂ ಇದೇ ಲೆಕ್ಕ. ಇಷ್ಟು ತೋರಿಸಿ, ಹನ್ನೆರಡು ಕ್ರಿಯಾಪದಗಳನ್ನು ಜೋಡಿಯಾಗಿ ಆಡಿಸಿ: "ಡಿಡ್ ಯು ಗೋ? ಎಸ್, ಐ ವೆಂಟ್." ಗೋ, ಕಮ್, ಈಟ್, ಸೀ, ಬೈ, ಗಿವ್, ಟೇಕ್, ಗೆಟ್, ಟೆಲ್, ಸೇ, ಮೇಕ್, ಪೇ. ಪ್ರತಿ ಪಾಠದ ಆರಂಭದಲ್ಲಿ ಎರಡು ನಿಮಿಷ, ಮೂರು ವಾರ.

ಇನ್ನು ಕೆಲವು ಬೇಗ ಮುಗಿಯುವಂಥವು. ಅಪ್ಪನ ಬಗ್ಗೆ, ಮೇಷ್ಟ್ರ ಬಗ್ಗೆ ಹೇಳುವಾಗ "ಮೈ ಫಾದರ್, ದೇ ಆರ್ ಕಮಿಂಗ್" ಎನ್ನುತ್ತಾರೆ. "ಹಿ" ಎಂದರೆ "ಅವನು" ಎಂದ ಹಾಗಾಗುತ್ತದೆ ಎನ್ನುವ ಅಳುಕು. "ಹಿ" ಎಂದರೆ ಅವನೂ ಹೌದು, ಅವರೂ ಹೌದು, ಅದರಲ್ಲಿ ಅಗೌರವ ಇಲ್ಲ ಎಂದು ಒಮ್ಮೆ ಬಿಡಿಸಿ ಹೇಳಿದರೆ ಸಾಕು. "ನನಗೆ ಹಸಿವಾಗಿದೆ, ನನಗೆ ಜ್ವರ ಇದೆ" ಎಂಬ "ನನಗೆ" ವಾಕ್ಯಗಳನ್ನು ಎರಡು ಗುಂಪು ಮಾಡಿ. ಹಂಗ್ರಿ, ಥರ್ಸ್ಟಿ, ಟಯರ್ಡ್, ಬಿಜಿ, ಲೇಟ್ ಇವಕ್ಕೆ "ಐ ಆ್ಯಮ್". ಫೀವರ್, ಹೆಡೇಕ್, ಕೋಲ್ಡ್, ಡೌಟ್, ಮೀಟಿಂಗ್ ಇವಕ್ಕೆ "ಐ ಹ್ಯಾವ್ ಎ". "ಹಾಕು, ತೆಗೆ" ಎರಡನ್ನೂ ಗಮನಿಸಿ. ಕನ್ನಡದಲ್ಲಿ ಲೈಟು, ಬೀಗ, ಬಟ್ಟೆ, ಪೆಟ್ರೋಲು ಎಲ್ಲವನ್ನೂ "ಹಾಕು"ತ್ತೇವೆ, ಹಾಗಾಗಿ "ಪುಟ್ ದ ಫ್ಯಾನ್", ಫೋಟೋ ತೆಗೆಯಲು "ರಿಮೂವ್ ದ ಫೋಟೋ" ಬರುತ್ತದೆ. ಸ್ವಿಚ್ ಆನ್, ಲಾಕ್, ವೇರ್, ಫಿಲ್, ಟೇಕ್ ಎಂದು ವಸ್ತುವಿನ ಜೊತೆಗೇ ಕಲಿಸಿ.

"ನೀವು ಬರಲ್ವಾ?" ಎಂದರೆ ನಾವು "ಹೂಂ, ಬರಲ್ಲ" ಎನ್ನುತ್ತೇವೆ. ಇಂಗ್ಲಿಷಿನಲ್ಲಿ "ಎಸ್" ಎಂದು ಅಲ್ಲಿಗೇ ನಿಲ್ಲಿಸಿದರೆ ಬರುತ್ತೇನೆ ಎಂದೇ ಅರ್ಥ. "ಹ್ಯಾವಂಟ್ ಯು ಪೇಯ್ಡ್?" ಎಂಬ ಪ್ರಶ್ನೆಗೆ ಹೀಗೆ "ಎಸ್" ಎಂದರೆ ದುಡ್ಡಿನ ವಿಷಯದಲ್ಲಿ ಗಲಿಬಿಲಿ ಖಂಡಿತ. ಪರಿಹಾರ ಸುಲಭ: ಬರೀ ಎಸ್, ನೋ ಹೇಳಿ ನಿಲ್ಲಿಸದೆ ಪೂರ್ತಿ ಹೇಳಲಿ, "ನೋ, ಐ ಹ್ಯಾವಂಟ್".

ಬಿಡಬೇಕಾದವೂ ಇವೆ. "ಎ, ಆ್ಯನ್, ದ" ಬಿಟ್ಟುಹೋದರೆ ಮೊದಲ ಎಂಟು ವಾರ ಬಾಯಿ ಹಾಕಬೇಡಿ. ಕನ್ನಡದಲ್ಲಿ ಅವಕ್ಕೆ ನೇರ ಸಮಾನ ಇಲ್ಲ, ಅವಿಲ್ಲದೆಯೂ ಅರ್ಥವಾಗುತ್ತದೆ, ತಿದ್ದಲು ಹೊರಟರೆ ಪ್ರತಿ ವಾಕ್ಯಕ್ಕೂ ಬ್ರೇಕ್ ಬೀಳುತ್ತದೆ. "ವಾಟ್ ಈಸ್ ಯುವರ್ ಗುಡ್ ನೇಮ್", "ಔಟ್ ಆಫ್ ಸ್ಟೇಷನ್", "ಟುಡೇ ಓನ್ಲಿ ಐ ಕೇಮ್" ಇವೆಲ್ಲ ಭಾರತದ ಉದ್ದಗಲಕ್ಕೂ ನಡೆಯುವ ಇಂಗ್ಲಿಷ್. ಹೊರದೇಶದವರ ಜೊತೆ ಫೋನಿನಲ್ಲಿ ಕೆಲಸ ಮಾಡುವವರಿಗೆ ಮಾತ್ರ ಬೇರೆ ರೂಪ ತಿಳಿಸಿ. ಉಳಿದವರ ಬಾಯಿಂದ ಇವನ್ನು ಕಿತ್ತುಹಾಕುವುದು ನಮ್ಮ ದೃಷ್ಟಿಯಲ್ಲಿ ವ್ಯರ್ಥ ಶ್ರಮ.

ಉಚ್ಚಾರಣೆ: ಅರ್ಥ ಕೆಡುವಲ್ಲಿ ಮಾತ್ರ

ವಿಲಾಯಿತಿ ಉಚ್ಚಾರ ಯಾರಿಗೂ ಬೇಕಾಗಿಲ್ಲ, ಎದುರಿನವರಿಗೆ ತಿಳಿದರೆ ಸಾಕು. ಹೆಚ್ಚು ತೊಂದರೆ ಕೊಡುವುದು ಸಂಖ್ಯೆ. ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ಥರ ಕೇಳಿಸಿ ಬೆಲೆಯಲ್ಲಿ, ಸಮಯದಲ್ಲಿ ತಪ್ಪಾಗುತ್ತದೆ. 50ಕ್ಕೆ ಮೊದಲ ಭಾಗ ಒತ್ತಿ, ಕೊನೆಯದನ್ನು ಚಿಕ್ಕದಾಗಿ ಮುಗಿಸಿ. 15ಕ್ಕೆ "ಟೀನ್" ಎಳೆದು ಒತ್ತಿ. 13ರಿಂದ 19, 30ರಿಂದ 90 ಬೆರೆಸಿ ನೀವು ಹೇಳಿ, ಅವರು ಅಂಕಿ ಬರೆಯಲಿ. ಆಮೇಲೆ ಅವರು ಹೇಳಲಿ, ನೀವು ಬರೆಯಿರಿ. ನೀವು ಬರೆದದ್ದು ತಪ್ಪಾದರೆ ಅವರ ಉಚ್ಚಾರ ತಪ್ಪೆಂದು ನೀವು ಹೇಳಬೇಕಾಗಿಯೇ ಇಲ್ಲ. ಅನುಮಾನ ಬಂದಾಗ "ಒನ್ ಫೈವ್ ಆರ್ ಫೈವ್ ಝೀರೋ?" ಎಂದು ಕೇಳುವುದನ್ನೂ ಕಲಿಸಿ.

ಫೋನಿನಲ್ಲಿ ಹೆಸರಿನ ಸ್ಪೆಲ್ಲಿಂಗ್ ಹೇಳುವುದು ಇನ್ನೊಂದು. ಇಂಗ್ಲಿಷಿನ ಮೊದಲ ಅಕ್ಷರವನ್ನು ನಾವು "ಎ" ಎನ್ನುತ್ತೇವೆ, ಐದನೆಯದನ್ನು "ಇ". ಫೋನಿನಲ್ಲಿ ಇವೆರಡೂ, ಜೊತೆಗೆ "ಜಿ" ಮತ್ತು "ಜೆ", "ಎಮ್" ಮತ್ತು "ಎನ್" ಬೆರೆತುಹೋಗುತ್ತವೆ. ಅವರ ಹೆಸರು, ಇನಿಷಿಯಲ್, ಇ-ಮೇಲ್ ವಿಳಾಸಗಳನ್ನು "ಎಮ್ ಫಾರ್ ಮೈಸೂರ್, ಎನ್ ಫಾರ್ ನಾಗ್ಪುರ್" ಎನ್ನುವಂತೆ ಊರ ಹೆಸರುಗಳಿಂದ ಸರಾಗವಾಗಿ ಹೇಳುವವರೆಗೆ ಅಭ್ಯಾಸ ಮಾಡಿಸಿ. ಮೊಬೈಲ್ ನಂಬರನ್ನು ಐದೈದು ಅಂಕಿಯಾಗಿ ಒಡೆದು, ನಡುವೆ ನಿಲ್ಲಿಸಿ ಹೇಳಲಿ.

ಕನ್ನಡದವರ ಬಾಯಲ್ಲಿ "ಎಗ್" ಎನ್ನುವುದು "ಯೆಗ್", "ಓನ್ಲಿ" ಎನ್ನುವುದು "ವೋನ್ಲಿ", "ಬಸ್" ಎನ್ನುವುದು "ಬಸ್ಸು" ಆಗುತ್ತದೆ. ಹಳೇ ಮೈಸೂರಿನ ಹಳ್ಳಿಗಳ ಕಡೆಯವರಲ್ಲಿ "ಹ" ಬಿದ್ದು "ಹೌಸ್" ಎಂಬುದು "ಔಸ್" ಆಗುವುದೂ ಉಂಟು. ಇವುಗಳಲ್ಲಿ "ಹ" ಮಾತ್ರ ಅರ್ಥ ಕೆಡಿಸಬಲ್ಲದು: ಹಾಲ್, ಆಲ್, ಹೀಟ್, ಈಟ್. ಅಂಗೈಯನ್ನು ಬಾಯಿ ಮುಂದೆ ಹಿಡಿದು, "ಹ"ಗೆ ಬಿಸಿಯುಸಿರು ತಾಗುವಂತೆ ಹೇಳಿಸಿ. "ಯೆ, ವೋ" ಬಿಡಿಸಬೇಕೆಂದರೆ ಬಾಯಿ ತೆರೆದು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಸ್ವರ ಹೊರಡಿಸಲು ಹೇಳಿ. ಒಂದು ವಾರಕ್ಕೆ ಒಂದೇ ಧ್ವನಿ ಸಾಕು.

ಕೇಳುವ ಅಭ್ಯಾಸಕ್ಕೆ ಹೊರದೇಶದ ವಿಡಿಯೋ ಬೇಡ. ಇವರು ದಿನವೂ ಕೇಳುವುದು ತಮಿಳರ, ಮಲಯಾಳಿಗಳ, ಉತ್ತರದವರ ಇಂಗ್ಲಿಷನ್ನು. ಬ್ಯಾಂಕಿನ, ಗ್ಯಾಸ್ ಕಂಪನಿಯ ಫೋನಿನಲ್ಲಿ ಬರುವ "ಫಾರ್ ಇಂಗ್ಲಿಷ್, ಪ್ರೆಸ್ ಟೂ" ನಂತರದ ಮಾತು ಒಳ್ಳೆಯ ಪಾಠ. ಬೆಂಗಳೂರಿನಲ್ಲಿರುವವರಿಗೆ ನಮ್ಮ ಮೆಟ್ರೋದ ಘೋಷಣೆ ಇದೆ: ಮೊದಲು ಕನ್ನಡದಲ್ಲಿ ಕೇಳಿದ್ದನ್ನೇ ಇಂಗ್ಲಿಷಿನಲ್ಲೂ ಹೇಳುತ್ತಾರೆ, ಅರ್ಥ ಮೊದಲೇ ಗೊತ್ತಿರುವುದರಿಂದ ಕಿವಿ ಪದಗಳನ್ನು ಹಿಡಿಯುತ್ತದೆ.

ಆಡಿಸುವುದು, ತಿದ್ದುವುದು

ಒಂದು ಗಂಟೆಯಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಸಂದರ್ಭವನ್ನು ಆಡಿ ತೋರಿಸುವುದಕ್ಕೆ ಇರಲಿ. ಪೇರೆಂಟ್ಸ್ ಮೀಟಿಂಗ್ ಎಂದುಕೊಳ್ಳಿ. ಮೊದಲ ಸುತ್ತಿನಲ್ಲಿ ಚೀಟಿ ಕೈಯಲ್ಲಿರಲಿ: "ಗುಡ್ ಮಾರ್ನಿಂಗ್ ಮೇಡಂ, ಐ ಆ್ಯಮ್ ಕಾವ್ಯಾಸ್ ಮದರ್. ಹೌ ಈಸ್ ಶಿ ಡೂಯಿಂಗ್ ಇನ್ ಮ್ಯಾಥ್ಸ್?" ಎರಡನೇ ಸುತ್ತು ಚೀಟಿ ಇಲ್ಲದೆ. ಮೂರನೇ ಸುತ್ತಿನಲ್ಲಿ ಒಂದು ತೊಡಕು ತನ್ನಿ. ಟೀಚರ್ ಆಗಿರುವ ನೀವು ವೇಗವಾಗಿ ಮಾತಾಡಿ, ಅಥವಾ ಅವರು ನಿರೀಕ್ಷಿಸದ ಪ್ರಶ್ನೆ ಕೇಳಿ: "ಡಸ್ ಶಿ ಸ್ಲೀಪ್ ಲೇಟ್ ಅಟ್ ಹೋಮ್?" ಈ ಮೂರನೇ ಸುತ್ತನ್ನು ಬಿಟ್ಟವರ ಶಿಷ್ಯರು ಬಾಯಿಪಾಠ ಚೆನ್ನಾಗಿ ಒಪ್ಪಿಸುತ್ತಾರೆ, ನಿಜವಾದ ಟೀಚರ್ ಬೇರೆ ಉತ್ತರ ಕೊಟ್ಟ ಕೂಡಲೇ ನಿಂತುಬಿಡುತ್ತಾರೆ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಏಳು ಎಣಿಸಿ. ಆ ಮೌನದಲ್ಲಿ ಅವರು ಕನ್ನಡದಲ್ಲಿ ಯೋಚಿಸಿ, ಪದ ಹುಡುಕಿ, ಜೋಡಿಸುತ್ತಿರುತ್ತಾರೆ. ಎರಡನೇ ಸೆಕೆಂಡಿಗೇ ನೀವು ಸಹಾಯಕ್ಕೆ ಹೋದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕಲಿಸುವವರ ಅತಿ ದೊಡ್ಡ ದೋಷ ತಾವೇ ಮಾತಾಡುವುದು. ಒಂದು ಪಾಠ ರೆಕಾರ್ಡ್ ಮಾಡಿ ಕೇಳಿದರೆ ಯಾರು ಎಷ್ಟು ಮಾತಾಡಿದರು ಎಂದು ತಿಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ನಿಮ್ಮ ದನಿಯೇ ಇದ್ದರೆ ಮುಂದಿನ ಪಾಠದಲ್ಲಿ ವಿವರಣೆ ಕಡಿಮೆ ಮಾಡಿ.

ಆಡುವಾಗ ನಡುವೆ ತಡೆಯಬೇಡಿ, ತಪ್ಪನ್ನು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಮುಗಿದ ಮೇಲೆ ಎರಡು ಮೂರು ತಪ್ಪನ್ನು ಮಾತ್ರ ಎತ್ತಿಕೊಳ್ಳಿ: ಆ ದಿನದ ವಾಕ್ಯಕ್ಕೆ ಸೇರಿದ್ದು ಅಥವಾ ಅರ್ಥ ಕೆಡಿಸಿದ್ದು. ಸಾಮಾನ್ಯ ಹರಟೆಯಲ್ಲಾದರೆ ಸರಿಯಾದ ರೂಪವನ್ನು ನಿಮ್ಮ ಉತ್ತರದಲ್ಲೇ ಸೇರಿಸಿ. "ಯೆಸ್ಟರ್‌ಡೇ ಐ ಗೋ ಟು ಮಾರ್ಕೆಟ್" ಎಂದರೆ "ಓ, ಯು ವೆಂಟ್ ಟು ದ ಮಾರ್ಕೆಟ್? ವಾಟ್ ಡಿಡ್ ಯು ಬೈ?" ಎನ್ನಿ. "ವೆಂಟ್" ಒತ್ತಿ ಹೇಳಿ, ಒಂದು ಕ್ಷಣ ನಿಲ್ಲಿಸಿ. ಒತ್ತದಿದ್ದರೆ ಅವರ ಗಮನಕ್ಕೇ ಬರುವುದಿಲ್ಲ. ವಯಸ್ಸಿನಲ್ಲಿ ದೊಡ್ಡವರನ್ನು ಗುಂಪಿನ ಮುಂದೆ ತಿದ್ದಬೇಡಿ. "ಅಕ್ಕಾ, ಒಂದು ಸಣ್ಣ ವಿಷಯ" ಎಂದು ಪಕ್ಕಕ್ಕೆ ಕರೆದು ಹೇಳಿದರೆ ಮರುದಿನವೂ ಬರುತ್ತಾರೆ.

ಗುಂಪಿನಲ್ಲಿ ಒಬ್ಬರು ಚುರುಕಾಗಿದ್ದು ಎಲ್ಲದಕ್ಕೂ ತಾವೇ ಉತ್ತರ ಕೊಡುತ್ತಿದ್ದರೆ ಅವರನ್ನು ಡಾಕ್ಟರ್, ಮ್ಯಾನೇಜರ್, ಟೀಚರ್ ಪಾತ್ರಕ್ಕೆ ಹಾಕಿ. ಪ್ರಶ್ನೆ ಕೇಳುವ ಕೆಲಸ ಅವರದ್ದಾದರೆ ಉಳಿದವರಿಗೆ ಮಾತಿನ ಜಾಗ ಸಿಗುತ್ತದೆ, ಅವರಿಗೂ ಪ್ರಶ್ನೆ ಕಟ್ಟುವ ಕಷ್ಟದ ಅಭ್ಯಾಸ ಸಿಗುತ್ತದೆ.

ಪಾಠದ ಹೊರಗೆ

ಪಾಠವಿಲ್ಲದ ದಿನ ವಾಟ್ಸಾಪಿನಲ್ಲಿ ಮೂವತ್ತು ಸೆಕೆಂಡಿನ ಒಂದು ಧ್ವನಿ ಸಂದೇಶ ಕಳಿಸಲಿ. ವಿಷಯ ನೀವೇ ಕೊಡಿ: ಇವತ್ತು ಏನು ಅಡುಗೆ, ಡ್ಯೂಟಿಯಲ್ಲಿ ಏನಾಯ್ತು, ನಾಳೆ ಎಲ್ಲಿಗೆ. ಬರೆದು ಓದಿದ್ದು ದನಿಯಲ್ಲೇ ಗೊತ್ತಾಗುತ್ತದೆ, ಅದನ್ನು ಒಪ್ಪಬೇಡಿ. ನೀವೂ ಧ್ವನಿಯಲ್ಲೇ ಉತ್ತರಿಸಿ, ಹತ್ತು ಸೆಕೆಂಡು ಸಾಕು. ಹೊಸ ಆರು ವಾಕ್ಯಗಳನ್ನು ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಕೇಳಿ. ಇದರ ಜೊತೆ ವಾರಕ್ಕೆ ಎರಡು ಸಲ ಹೊರಗೆ, ನಿಜವಾದ ಮನುಷ್ಯರ ಹತ್ತಿರ, ಒಂದೊಂದು ವಾಕ್ಯ ಬಳಸಿ ಬರಬೇಕು. "ಕ್ಯಾನ್ ಐ ಹ್ಯಾವ್ ದ ಬಿಲ್?" ಎಂದು ಹೋಟೆಲಿನಲ್ಲಿ ಕೇಳಿದರೂ ಲೆಕ್ಕಕ್ಕೆ ಸೇರಿತು.

ಮೂರನೇ, ನಾಲ್ಕನೇ ವಾರದಲ್ಲಿ ಕೆಲವರು ಬರುವುದನ್ನು ನಿಲ್ಲಿಸುತ್ತಾರೆ. ಶಿಫ್ಟ್ ಬದಲಾಗಿರಬಹುದು, ಮನೆಯಲ್ಲಿ ಮಾತು ಬಂದಿರಬಹುದು, ಅಥವಾ ಹೊಸದು ಸೇರುತ್ತಲೇ ಹೋಗಿ ಹಳೆಯದು ಜಾರುತ್ತಿರಬಹುದು. ಮೂರನೆಯದಕ್ಕೆ ಕಾರಣ ನೀವು. ನಾಲ್ಕನೇ ವಾರ ಹೊಸ ವಾಕ್ಯ ಏನೂ ಕೊಡದೆ, ಹಿಂದಿನ ಮೂರು ವಾರದ್ದನ್ನೇ ಬೇರೆ ಬೇರೆ ಸಂದರ್ಭಕ್ಕೆ ಹಾಕಿ ಆಡಿಸಿ. ಶಿಫ್ಟ್ ಸಮಸ್ಯೆ ಇರುವವರಿಗೆ ಒಂದು ಪಾಠವನ್ನು ಇಪ್ಪತ್ತು ನಿಮಿಷದ ಫೋನ್ ಪಾಠ ಮಾಡಿ. ಮುಖ ಕಾಣದೆ ಮಾತಾಡುವುದು ಕಷ್ಟ, ಆದರೆ ಕಸ್ಟಮರ್ ಕೇರ್, ಡೆಲಿವರಿ ಕರೆಗಳಿಗೆ ಅದೇ ಸರಿಯಾದ ತಯಾರಿ.

ಎಂಟು ವಾರಕ್ಕೆ ಇಪ್ಪತ್ತನಾಲ್ಕು ಗಂಟೆಯ ಪಾಠ ಆಗುತ್ತದೆ. ಯುರೋಪಿನ ಭಾಷಾ ಮಟ್ಟಗಳ ಲೆಕ್ಕದಲ್ಲಿ ಎರಡನೇ ಮೆಟ್ಟಿಲಾದ ಎ2 ಮುಟ್ಟಲು ಕೇಂಬ್ರಿಡ್ಜ್ ಪರೀಕ್ಷಾ ಮಂಡಳಿ ಹೇಳುವುದು ಸುಮಾರು 180ರಿಂದ 200 ಗಂಟೆ. ಹಾಗಾಗಿ "ಎರಡು ತಿಂಗಳಲ್ಲಿ ಇಂಗ್ಲಿಷ್" ಎಂದು ಯಾರಿಗೂ ಮಾತು ಕೊಡಬೇಡಿ. ಆರಿಸಿಕೊಂಡ ಮೂರು ಸಂದರ್ಭಗಳಲ್ಲಿ ಬೇರೆಯವರ ನೆರವಿಲ್ಲದೆ ಕೆಲಸ ಮುಗಿಸಿಕೊಂಡು ಬರುತ್ತಾರೆ ಎಂದು ಹೇಳಬಹುದು. ಎಂಟನೇ ವಾರದ ಕೊನೆಯ ಪಾಠದಲ್ಲಿ ಮೊದಲ ದಿನದ ಪ್ರಶ್ನೆಗಳನ್ನೇ ಮತ್ತೆ ಕೇಳಿ, ರೆಕಾರ್ಡ್ ಮಾಡಿ, ಎರಡನ್ನೂ ಜೊತೆಯಾಗಿ ಕೇಳಿಸಿ. ಮುಖ್ಯವಾಗಿ ನೋಡಬೇಕಾದದ್ದು ಮೂರು: ಉತ್ತರ ಒಂದು ಪದದಿಂದ ಒಂದು ವಾಕ್ಯಕ್ಕೆ ಬೆಳೆದಿದೆಯೇ, ಪ್ರಶ್ನೆ ಕೇಳಲು ಬರುತ್ತಿದೆಯೇ, ಅರ್ಥವಾಗದಾಗ ಸುಮ್ಮನಾಗದೆ ಮತ್ತೆ ಕೇಳುತ್ತಾರೆಯೇ. ಮೂರನೆಯದು ಇನ್ನೂ ಇಲ್ಲದಿದ್ದರೆ ಹೊಸ ಸಂದರ್ಭಕ್ಕೆ ಹೋಗುವ ಮುನ್ನ ಮತ್ತೆರಡು ವಾರ ಅದಕ್ಕೇ ಕೊಡಿ. ಇದ್ದರೆ ಮುಂದಿನ ಮೂರು ಸಂದರ್ಭಗಳನ್ನು ಆರಿಸಿಕೊಳ್ಳಿ, ಈ ಸಲ ಆ ಮಾತುಕತೆ ಇಂಗ್ಲಿಷಿನಲ್ಲೇ ಆಗಲಿ.